ಅಪ್ಪನ ಹನ್ನೊಂದು ವಾಚು: ಯಾವುದನ್ನು ಓಡಿಸಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಹೈಸ್ಕೂಲು ಮಾಸ್ತರರಾಗಿದ್ದ ಅಪ್ಪ ಹೋದ ವರ್ಷ ತೀರಿಕೊಂಡರು. ಅವರ ಬೀರುವಿನಲ್ಲಿ ಒಂದು ಸ್ವೀಟ್ ಡಬ್ಬಿಯೊಳಗೆ ನುಸಿಗುಳಿಗೆ ಹಾಕಿ ಇಟ್ಟಿದ್ದ ಹನ್ನೊಂದು ವಾಚು ಸಿಕ್ಕವು. ಎಚ್‌ಎಂಟಿ ಜನತಾ ಎರಡು, ಪೈಲಟ್, ಕೊಹಿನೂರ್, ಆಟೋಮ್ಯಾಟಿಕ್ ಕಾಂಚನ್, ಅಮ್ಮನ ಸುಜಾತಾ, ಒಂದು ಫೇವರ್ ಲ್ಯೂಬಾ ಸೀ ಕಿಂಗ್, ಅಜ್ಜನ ಕಾಲದ ವೆಸ್ಟ್ ಎಂಡ್, ಟೈಟನ್ ಸೆಲ್ ವಾಚು ಎರಡು, ಹೆಸರೇ ಅಳಿಸಿಹೋದದ್ದು ಇನ್ನೊಂದು. ನಾಲ್ಕು ಓಡುತ್ತವೆ. ಪೈಲಟ್‌ಗೆ ಕೀ ಪೂರ್ತಿ ಬಿಗಿಯಾಗಿದೆ, ಆದರೆ ಮುಳ್ಳು ಅಲ್ಲಾಡುವುದಿಲ್ಲ. ಜಾಸ್ತಿ ಕೀ ಕೊಟ್ಟು ಲಾಕ್ ಆಗಿದೆ ಎಂದರು ಒಬ್ಬರು. ಭಾವ ಹೊಲಿಗೆ ಮಿಷನ್ ಎಣ್ಣೆ ಒಂದು ತೊಟ್ಟು ಬಿಟ್ಟರೆ ಸಾಕು ಅನ್ನುತ್ತಾರೆ. ಇಲ್ಲಿನ ಅಂಗಡಿಯಲ್ಲಿ ಸರ್ವಿಸ್‌ಗೆ 300 ರೂಪಾಯಿ, ಬೆಂಗಳೂರಿನಲ್ಲಿ ಒಬ್ಬರು 3,000 ಕೇಳಿದರು. ಡಯಲ್‌ಗಳಿಗೆ ಕಲೆ ಬಿದ್ದಿದೆ, ಹೊಸದಾಗಿ ಪ್ರಿಂಟ್ ಹಾಕಿಸಬಹುದಂತೆ. ಎಲ್ಲವಕ್ಕೂ ದಿನಾ ಕೀ ಕೊಡಬೇಕೇ? ಪೈಲಟ್‌ನ ಹಿಂದಿನ ಮುಚ್ಚಳದ ಒಳಗೆ ಸೂಜಿಯಲ್ಲಿ ಗೀಚಿದ ಹಾಗೆ ಅಂಕೆಗಳಿವೆ, ಅವೇನು?

ಉತ್ತರ: ನಿಮ್ಮ ಪತ್ರ ಓದುವಾಗ ನಿಂತುಹೋದ ಏಳು ವಾಚುಗಳ ಬಗ್ಗೆ ನನಗೆ ಅಷ್ಟು ಚಿಂತೆಯಾಗಲಿಲ್ಲ. ಓಡುತ್ತಿರುವ ನಾಲ್ಕರ ಬಗ್ಗೆ ಆಯಿತು. ಈ ಉತ್ತರ ಓದಿ ಮುಗಿಸುವ ಮೊದಲೇ ಎರಡು ಕೆಲಸ ಮಾಡಿಬಿಡಿ. ಓಡುತ್ತಿರುವವಕ್ಕೆ ಕೀ ಕೊಡುವುದನ್ನು ನಿಲ್ಲಿಸಿ. ಟೈಟನ್ ಎರಡರ ಹಿಂದಿನ ಮುಚ್ಚಳ ತೆಗೆಸಿ ಸೆಲ್ ಹೊರಗೆ ತೆಗೆಸಿ. ಹಳೇ ಸೆಲ್ ಸೋರಿದರೆ ಒಳಗಿನ ಕೂದಲೆಳೆಯಂಥ ತಾಮ್ರದ ಸುರುಳಿ, ಸರ್ಕ್ಯೂಟ್ ಎಲ್ಲ ಹಸಿರು ಹಿಡಿಯುತ್ತದೆ. ಆಮೇಲೆ ಇಡೀ ಮಿಷನ್ ಬದಲಾಯಿಸುವುದೇ ದಾರಿ. ಸೆಲ್ ವಾಚಿನ ಮಾತು ಇಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ಕೀ ಕೊಡುವ ವಾಚುಗಳ ವಿಚಾರ.

ಓಡುವ ವಾಚನ್ನು ಯಾಕೆ ನಿಲ್ಲಿಸಬೇಕು? ನಿಮ್ಮ ಜನತಾದ ಬ್ಯಾಲೆನ್ಸ್ ಚಕ್ರ, ಅಂದರೆ ಹಿಂದೆ ಮುಂದೆ ತೂಗುತ್ತ ಸಮಯ ಅಳೆಯುವ ಚಕ್ರ, ಗಂಟೆಗೆ 18,000 ಸಲ ಬಡಿಯುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ 4,32,000. ಆ ಚಕ್ರದ ಅಚ್ಚಿನ ತುದಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ದಪ್ಪ, ಹೆಚ್ಚುಕಡಿಮೆ ತಲೆಕೂದಲಿನ ಹಾಗೆ. ಅದು ಕೂರುವುದು ಒಂದು ಕೆಂಪು ಕಲ್ಲಿನ ತೂತಿನಲ್ಲಿ. ಡಯಲ್ ಮೇಲೆ 17 ಜ್ಯುವೆಲ್ಸ್ ಎಂದು ಬರೆದಿರುವುದು ಇಂಥ ಕಲ್ಲುಗಳ ಲೆಕ್ಕ. ಕಲ್ಲಿಗೂ ಉಕ್ಕಿಗೂ ನಡುವೆ ಎಣ್ಣೆ ಇದ್ದಷ್ಟು ದಿನ ಸವೆತ ಇಲ್ಲ. ಎಣ್ಣೆ ಒಣಗಿತು, ಅದಕ್ಕೆ ಧೂಳು ಅಂಟಿತು ಎಂದರೆ ಆ ಅಂಟೇ ಸಾಣೆಕಲ್ಲಿನ ಕೆಲಸ ಮಾಡುತ್ತದೆ. ಇಪ್ಪತ್ತು ವರ್ಷ ಯಾರೂ ಬಿಚ್ಚದೆ ಓಡಿದ ವಾಚನ್ನು ಭೂತಗನ್ನಡಿಯಡಿ ಇಟ್ಟರೆ ಕೆಲವು ತೂತುಗಳ ಸುತ್ತ ಕುಂಕುಮ ಚೆಲ್ಲಿದ ಹಾಗೆ ಕೆಂಪು ಪುಡಿ ಕಾಣುತ್ತದೆ. ಅಚ್ಚಿನ ಉಕ್ಕು ಸವೆದು ತುಕ್ಕಾದದ್ದು ಅದು. ಬೀರುವಿನಲ್ಲಿ ನಿಂತ ವಾಚಿನಲ್ಲಿ ಎಣ್ಣೆ ಒಣಗಿರುತ್ತದೆ, ನಿಜ, ಆದರೆ ಉಕ್ಕು ಸವೆದಿರುವುದಿಲ್ಲ. ಗಿರಾಕಿ ಬಂದು “ಇದು ಇವತ್ತಿಗೂ ಚೆನ್ನಾಗಿ ಓಡ್ತಿದೆ, ಒಂದು ದಿನ ಸರ್ವಿಸ್ ಮಾಡಿಸಿಲ್ಲ” ಎಂದು ಹೆಮ್ಮೆಯಿಂದ ಮೇಜಿನ ಮೇಲೆ ಇಟ್ಟಾಗ ನನ್ನ ಎದೆ ಸ್ವಲ್ಪ ಕುಸಿಯುತ್ತದೆ.

ದಿನಾ ಕೀ ಕೊಡದಿದ್ದರೆ ವಾಚು ಜಡ್ಡು ಹಿಡಿಯುತ್ತದೆ ಎಂಬ ಮಾತು ನಮ್ಮ ಹಿರಿಯರ ಕಾಲದಲ್ಲಿ ಪೂರ್ತಿ ಸುಳ್ಳಾಗಿರಲಿಲ್ಲ. ಆಗ ವಾಚಿಗೆ ಹಾಕುತ್ತಿದ್ದದ್ದು ಪ್ರಾಣಿಜನ್ಯ ಎಣ್ಣೆ. ಡಾಲ್ಫಿನ್ ಜಾತಿಯ ಪ್ರಾಣಿಯ ದವಡೆಯಿಂದ ತೆಗೆದ ಎಣ್ಣೆಗೆ ವಾಚಿನವರಲ್ಲಿ ದೊಡ್ಡ ಹೆಸರಿತ್ತು. ಅದು ಬೇಗ ಗಟ್ಟಿಯಾಗುತ್ತಿತ್ತು. ಈಗ ಬಳಸುವ ಸಿಂಥೆಟಿಕ್ ಎಣ್ಣೆಗೆ ಆ ತೊಂದರೆ ಇಲ್ಲ. ಸರ್ವಿಸ್ ಆದ ವಾಚಿಗೆ ತಿಂಗಳಿಗೊಮ್ಮೆ ಕೀ ಕೊಟ್ಟು ಅದರ ಟಿಕ್ ಟಿಕ್ ಕೇಳಬೇಕು ಅನ್ನಿಸಿದರೆ ಕೇಳಿ. ಅದು ನಿಮ್ಮ ಸಂತೋಷಕ್ಕೆ, ವಾಚಿಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ. ಕಾಂಚನ್‌ಗಾಗಿ ತಾನೇ ತಿರುಗುವ ಪೆಟ್ಟಿಗೆ ಕೊಳ್ಳಿ ಎಂದು ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಈಗ ಪೈಲಟ್. ಜಾಸ್ತಿ ಕೀ ಕೊಟ್ಟು ಲಾಕ್ ಆಯಿತು ಎಂಬುದನ್ನು ನಾನು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ, ನಮ್ಮ ಕಸುಬಿನವರ ಬಾಯಲ್ಲೂ ಕೇಳಿದ್ದೇನೆ. ಹಾಗಾಗುವುದಿಲ್ಲ. ಮೇನ್ ಸ್ಪ್ರಿಂಗ್ ಎಂದರೆ ಒಂದು ಡಬ್ಬಿಯೊಳಗೆ ಸುತ್ತಿಟ್ಟ ಉಕ್ಕಿನ ಪಟ್ಟಿ. ಕೀ ತಿರುಗಿಸಿದಂತೆ ಅದು ನಡುವಿನ ಗೂಟಕ್ಕೆ ಸುತ್ತಿಕೊಳ್ಳುತ್ತದೆ. ಪೂರ್ತಿ ಸುತ್ತಿಕೊಂಡಾಗ ಕೀ ನಿಲ್ಲುತ್ತದೆ, ಅಷ್ಟೇ. ಅಲ್ಲಿಂದ ಮುಂದೆ ಇಕ್ಕಳ ಹಿಡಿದು ತಿರುಗಿಸಿದರೆ ಸ್ಪ್ರಿಂಗೋ ಹಲ್ಲೋ ಮುರಿದೀತು, ಲಾಕ್ ಆಗುವ ಮಾತೇ ಇಲ್ಲ. ಸುತ್ತಿದ ಸ್ಪ್ರಿಂಗ್ ಬಿಚ್ಚಿಕೊಳ್ಳಲು ಸದಾ ತವಕಿಸುತ್ತಿರುತ್ತದೆ. ಅದನ್ನು ಬಿಡದೆ ಹಿಡಿದಿರುವುದು ಮುಂದಿನ ಯಾವುದೋ ಚಕ್ರದಲ್ಲಿರುವ ಅಂಟು, ತುಕ್ಕು, ಇಲ್ಲವೇ ಮುರಿದ ಅಚ್ಚು. ಪೈಲಟ್‌ಗೆ ಕೀ ತುಂಬಿದೆ ಎಂದರೆ ಸ್ಪ್ರಿಂಗ್ ಗಟ್ಟಿಯಾಗಿದೆ ಎಂದಾಯಿತು, ಒಳ್ಳೆಯ ಸುದ್ದಿ. ಆದರೆ ಆ ಬಲ ಪೂರ್ತಿ ಒಳಗೆ ಕೂತಿರುವುದರಿಂದ ಮುಚ್ಚಳ ತೆಗೆದು ಕುತೂಹಲಕ್ಕೆ ಯಾವ ತಿರುಪನ್ನೂ ಸಡಿಲಿಸಬೇಡಿ. ಚಕ್ರಗಳೆಲ್ಲ ಒಂದೇ ಸಲ ಬುರ್ರನೆ ತಿರುಗಿ ಹಲ್ಲು ಮುರಿದುಕೊಂಡದ್ದನ್ನು ನೋಡಿದ್ದೇನೆ. ನಾವು ಬಿಚ್ಚುವ ಮೊದಲು ಕೀ ಹಿಡಿದುಕೊಂಡು, ಕೊಕ್ಕೆ ಸರಿಸಿ, ಬೆರಳುಗಳ ನಡುವೆ ಮೆಲ್ಲಗೆ ಬಲ ಇಳಿಸಿಕೊಳ್ಳುತ್ತೇವೆ.

ನಿಮ್ಮ ಭಾವನವರ ಸಲಹೆಗೆ ಬೇಜಾರಾಗದಂತೆ ಬೇಡ ಎನ್ನಿ. ಹೊಲಿಗೆ ಮಿಷನ್ ಎಣ್ಣೆ ತೆಳು, ಹರಡುವ ಗುಣದ್ದು. ಒಂದು ತೊಟ್ಟು ಬಿಟ್ಟರೆ ವಾಚು ಆ ದಿನ ಓಡುತ್ತದೆ, ಅದಕ್ಕೇ ಜನ ನಂಬುತ್ತಾರೆ. ವಾರದಲ್ಲಿ ಅದು ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ಎಳೆಯಂಥ ಸುರುಳಿಗೆ, ಹೇರ್ ಸ್ಪ್ರಿಂಗ್‌ಗೆ, ಹರಿಯುತ್ತದೆ. ಸುರುಳಿಗಳು ಒಂದಕ್ಕೊಂದು ಅಂಟಿ ವಾಚು ಗಂಟೆಗಟ್ಟಲೆ ಮುಂದೆ ಓಡುತ್ತದೆ. ವಾಚಿನೊಳಗೆ ಎಲ್ಲಿಗೂ ತೊಟ್ಟು ಎಂಬ ಅಳತೆಯ ಎಣ್ಣೆ ಬೇಕಾಗುವುದಿಲ್ಲ. ಬ್ಯಾಲೆನ್ಸ್‌ನ ಮುಚ್ಚುಕಲ್ಲಿಗೆ ಹಾಕುವ ಎಣ್ಣೆ ಆ ಕಲ್ಲಿನ ಅರ್ಧಕ್ಕಿಂತ ತುಸು ಹೆಚ್ಚು ಜಾಗ ಹಿಡಿದರೆ ಸಾಕು, ಕಲ್ಲೇ ಎಳ್ಳುಕಾಳಿಗಿಂತ ಚಿಕ್ಕದು. ಚಕ್ರವನ್ನು ಒಂದೊಂದೇ ಹಲ್ಲಿನಂತೆ ಬಿಡುತ್ತ ಚಿಮ್ಮುವ ಪ್ಯಾಲೆಟ್ ಎಂಬ ಪುಟ್ಟ ಭಾಗದ ಅಚ್ಚಿಗಂತೂ ಎಣ್ಣೆ ಹಾಕಲೇಬಾರದು. ಒಂದೇ ವಾಚಿಗೆ ನಾಲ್ಕು ಬಗೆಯ ಎಣ್ಣೆ, ಗ್ರೀಸ್ ಬಳಸುತ್ತೇವೆ: ವೇಗವಾಗಿ ತಿರುಗುವುದಕ್ಕೆ ತೆಳು, ಕೀ ಕಡೆಯ ಭಾರದ ಭಾಗಗಳಿಗೆ ಮಂದ.

300 ರೂಪಾಯಿಗೂ 3,000 ರೂಪಾಯಿಗೂ ಇರುವ ವ್ಯತ್ಯಾಸ ಇಲ್ಲಿಂದಲೇ ಹುಟ್ಟುವುದು. ಅಗ್ಗದ ಕೆಲಸಕ್ಕೆ ನಮ್ಮಲ್ಲಿ ಪೆಟ್ರೋಲ್ ವಾಶ್ ಎನ್ನುತ್ತಾರೆ. ಡಯಲ್, ಮುಳ್ಳು ತೆಗೆದು ಇಡೀ ಮಿಷನನ್ನು ಹಾಗೇ ಪೆಟ್ರೋಲಿನಲ್ಲಿ ಅದ್ದಿ ಅಲ್ಲಾಡಿಸಿ, ಗಾಳಿ ಊದಿ, ಮೇಲಿಂದ ಎಣ್ಣೆ ಮುಟ್ಟಿಸುವುದು. ಕರಗಿದ ಕೊಳೆಯ ಒಂದು ಭಾಗ ಹೊರಗೆ ಬರುತ್ತದೆ, ಉಳಿದದ್ದು ಕಲ್ಲಿನ ತೂತಿನೊಳಗೇ ಹೋಗಿ ಕೂರುತ್ತದೆ. ಮೇನ್ ಸ್ಪ್ರಿಂಗ್ ಡಬ್ಬಿಯಂತೂ ತೆರೆಯುವುದೇ ಇಲ್ಲ. ಕೆಲವರು ಪೆಟ್ರೋಲ್ ಬದಲು ಸ್ಪಿರಿಟ್ ಬಳಸುತ್ತಾರೆ, ಅದು ಇನ್ನೂ ಅಪಾಯ. ಪ್ಯಾಲೆಟ್‌ನ ಎರಡು ಕಲ್ಲುಗಳನ್ನು ಹಿಡಿದಿರುವುದು ಅರಗು, ನಮ್ಮ ಚನ್ನಪಟ್ಟಣದ ಬೊಂಬೆಗೆ ಹಚ್ಚುತ್ತಾರಲ್ಲ, ಅದೇ ಜಾತಿಯದು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ.

ಇದನ್ನು ಹೇಳುವಾಗ ಬಸ್‌ಸ್ಟ್ಯಾಂಡ್ ಪಕ್ಕದ ಗಾಜಿನ ಪೆಟ್ಟಿಗೆಯ ಹಿಂದೆ ಕೂತ ಕಸುಬುದಾರರನ್ನು ಹೀಗಳೆಯಬೇಕೆಂದು ನನಗಿಲ್ಲ. ನನ್ನ ತಂದೆಯೂ ಅಂಥ ಪೆಟ್ಟಿಗೆಯ ಹಿಂದೆಯೇ ಕೂತಿದ್ದವರು. ಮರುದಿನ ಬೆಳಿಗ್ಗೆ ಬಸ್ ಹಿಡಿಯಬೇಕಾದ ಕಂಡಕ್ಟರನಿಗೆ ಐದು ರೂಪಾಯಿಯಲ್ಲಿ ವಾಚು ಓಡುವಂತೆ ಮಾಡಿಕೊಡಬೇಕಿತ್ತು, ಪೆಟ್ರೋಲ್ ವಾಶ್ ಆ ಕಾಲದ ಜಾಣತನ. ಆಗ ಸವೆದ ಚಕ್ರದ ಬದಲು ಹೊಸದು ಸಿಗುತ್ತಿತ್ತು. ಈಗ ಸಿಗುವುದಿಲ್ಲ.

ಪೂರ್ತಿ ಸರ್ವಿಸ್ ಎಂದರೆ ಒಂದೊಂದು ಚಕ್ರ, ಒಂದೊಂದು ತಿರುಪು ಬಿಚ್ಚಿ, ಸ್ಪ್ರಿಂಗನ್ನು ಡಬ್ಬಿಯಿಂದ ಹೊರತೆಗೆದು, ತೊಳೆದು, ಅಚ್ಚುಗಳನ್ನು ನೋಡಿ, ಎಣ್ಣೆ ಹಾಕುತ್ತ ಜೋಡಿಸಿ, ಆಮೇಲೆ ನಾಲ್ಕೈದು ದಿನ ಬೇರೆ ಬೇರೆ ಭಂಗಿಯಲ್ಲಿ ಇಟ್ಟು ನೋಡುವುದು. ಕೈಗೆ ಬಂದ ವಾಚು ಸಲೀಸಾಗಿದ್ದರೆ ನನಗೆ ಅರ್ಧ ದಿನ ಹಿಡಿಯುತ್ತದೆ. ದುಬಾರಿ ಕೇಳಿದವರೆಲ್ಲ ಇಷ್ಟು ಮಾಡುತ್ತಾರೆ ಎಂದೂ ನಂಬಬೇಡಿ. ಒಂದೇ ಪ್ರಶ್ನೆ ಕೇಳಿ: “ಮೇನ್ ಸ್ಪ್ರಿಂಗ್ ಡಬ್ಬಿಯಿಂದ ಹೊರಗೆ ತೆಗೀತೀರಾ?” ತಡವರಿಸಿದರೆ ವಾಚು ವಾಪಸ್ ಜೇಬಿಗೆ ಹಾಕಿಕೊಳ್ಳಿ. ಬದಲಾಯಿಸಿದ ಹಳೇ ಭಾಗಗಳನ್ನು ಪೊಟ್ಟಣ ಕಟ್ಟಿ ಕೊಡಿ ಎನ್ನಿ. ವಾಚಿನ ಬಡಿತ ಕೇಳಿ ಅಳೆಯುವ ಟೈಮಿಂಗ್ ಮಿಷನ್ ಅವರಲ್ಲಿದ್ದರೆ ಅದರ ಪರದೆಯ ಫೋಟೊ ಕೇಳಿ. ಪೂರ್ತಿ ಕೀ ಕೊಟ್ಟು ಮಲಗಿಸಿಟ್ಟಾಗ ಬ್ಯಾಲೆನ್ಸ್ ಒಂದೊಂದು ಕಡೆಗೆ 270 ಡಿಗ್ರಿ ಆಸುಪಾಸು ತೂಗಿದರೆ ಬಹಳ ಚೆನ್ನ. ಹಳೇ ವಾಚಿಗೆ 240 ಬಂದರೂ ನಾನು ತಕರಾರು ತೆಗೆಯುವುದಿಲ್ಲ. 200ಕ್ಕಿಂತ ಕೆಳಗಿದ್ದರೆ ಒಳಗೆ ಏನೋ ಬಾಕಿ ಇದೆ. ಸಮಯದ ಲೆಕ್ಕದಲ್ಲಿ ದಿನಕ್ಕೆ ಅರ್ಧ ನಿಮಿಷ ಹಿಂದೆ ಮುಂದೆ ಆದರೆ ಸುಮ್ಮನಿರಿ, ಅದನ್ನೂ ಸರಿಮಾಡಿ ಎಂದು ಪಟ್ಟು ಹಿಡಿದರೆ ಕಸುಬುದಾರ ಮತ್ತೆ ಮತ್ತೆ ಬ್ಯಾಲೆನ್ಸ್ ಮುಟ್ಟಬೇಕಾಗುತ್ತದೆ. ಸರ್ವಿಸ್ ಆದಮೇಲೂ ಇದ್ದಕ್ಕಿದ್ದಂತೆ ದಿನಕ್ಕೆ ಹತ್ತು ನಿಮಿಷ ಮುಂದೆ ಓಡತೊಡಗಿದರೆ ಬಿಚ್ಚಿಸಲು ಹೋಗಬೇಡಿ. ಸ್ಪೀಕರ್ ಮೇಲೋ ಟ್ಯಾಬ್ಲೆಟ್ ಕವರ್ ಪಕ್ಕವೋ ಇಟ್ಟಿದ್ದೀರಿ, ಅಯಸ್ಕಾಂತ ಹಿಡಿದಿದೆ. ಅದನ್ನು ಇಳಿಸುವುದು ಅರೆ ನಿಮಿಷದ ಕೆಲಸ.

ಹಾಗೆಂದು ಒಂಬತ್ತಕ್ಕೂ ಮೂರು ಮೂರು ಸಾವಿರ ಸುರಿಯಿರಿ ಎನ್ನುತ್ತಿಲ್ಲ. ನಾನಾದರೆ ಎರಡನ್ನು ಮಾತ್ರ ಓಡಿಸುತ್ತೇನೆ: ಒಂದು ಜನತಾ, ಮತ್ತು ಪೈಲಟ್. 1961ರಲ್ಲಿ ಜಪಾನಿನ ಸಿಟಿಜನ್ ಜೊತೆಗೂಡಿ ಬೆಂಗಳೂರಿನಲ್ಲಿ ಎಚ್‌ಎಂಟಿ ವಾಚ್ ಕಾರ್ಖಾನೆ ಶುರುವಾಯಿತು. ಆ ಸಿಟಿಜನ್ ವಿನ್ಯಾಸದ ಮಿಷನ್ನೇ ವರ್ಷಗಟ್ಟಲೆ ಲಕ್ಷಾಂತರ ವಾಚುಗಳಲ್ಲಿ ಕೂತಿತು. 2016ರಲ್ಲಿ ವಾಚ್ ಕಂಪನಿ ಮುಚ್ಚುವ ತೀರ್ಮಾನವಾದ ಮೇಲೆ ಹೊಸ ಬಿಡಿಭಾಗದ ಆಸೆ ಬಿಟ್ಟಿದ್ದೇವೆ, ಆದರೆ ಕೆಟ್ಟ ಜನತಾಗಳು ಇನ್ನೂ ಎಲ್ಲರ ಮನೆಯಲ್ಲಿವೆ. ಒಂದರ ಚಕ್ರ ಇನ್ನೊಂದಕ್ಕೆ ಕೂರುತ್ತದೆ. ನಿಮ್ಮಲ್ಲೇ ಎರಡು ಜನತಾ ಇವೆ, ಎರಡನೆಯದನ್ನು ಮಾರಬೇಡಿ, ಬಿಡಿಭಾಗಕ್ಕೆ ಎಂದು ಈಗಲೇ ಬಿಚ್ಚಿಸಲೂ ಬೇಡಿ. ಕಾಂಚನ್ ಆಟೋಮ್ಯಾಟಿಕ್, ಭಾಗ ಹೆಚ್ಚು, ಖರ್ಚೂ ಹೆಚ್ಚು. ಒಂದು ಕಾಲದಲ್ಲಿ ಅಳಿಯನಿಗೆ ಕಾಂಚನ್ ಕೊಡುವುದೆಂದರೆ ಬೀಗರ ಎದುರು ತಲೆ ಎತ್ತಿ ನಡೆದ ಹಾಗೆ. ನಿಮ್ಮ ಮನೆಗೆ ಅದು ಯಾವ ಮದುವೆಯಲ್ಲಿ ಬಂತು ಎಂದು ಅಮ್ಮನನ್ನು ಕೇಳಿ ಬರೆದಿಟ್ಟುಕೊಳ್ಳಿ. ಓಡಿಸುವುದಾದರೆ ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರವರೆಗೆ ತಾರೀಖು ಬದಲಾಯಿಸಬೇಡಿ, ಆ ಹೊತ್ತಿನಲ್ಲಿ ತಾರೀಖಿನ ಹಲ್ಲು ಕಚ್ಚಿಕೊಂಡಿರುತ್ತದೆ. ಸುಜಾತಾದ ಒಳಭಾಗ ಎಷ್ಟು ಸಣ್ಣದೆಂದರೆ, ಅದನ್ನು ಖುಷಿಯಿಂದ ಕೈಗೆತ್ತಿಕೊಳ್ಳುವ ಕಸುಬುದಾರರು ಈಗ ಕಡಿಮೆ. ಅಮ್ಮ ಕಟ್ಟಿಕೊಳ್ಳುತ್ತೇನೆ ಎಂದರೆ ಮಾಡಿಸಿ, ಇಲ್ಲದಿದ್ದರೆ ಮಲಗಿರಲಿ. ಕೊಹಿನೂರ್, ಸೀ ಕಿಂಗ್, ಹೆಸರು ಅಳಿಸಿದ್ದು ಮೂರೂ ಕಾಯಬಲ್ಲವು.

ವೆಸ್ಟ್ ಎಂಡ್ ಬಗ್ಗೆ ಬೇರೆಯೇ ಎಚ್ಚರಿಕೆ. ಕತ್ತಲಲ್ಲಿ ಹೊಳೆಯುವುದಕ್ಕೆಲ್ಲ ನಮ್ಮಲ್ಲಿ ರೇಡಿಯಂ ಎನ್ನುವ ರೂಢಿ, ಗಾಡಿಯ ಸ್ಟಿಕರ್‌ಗೂ ಅದೇ ಹೆಸರು. ಆದರೆ 1960ರ ದಶಕಕ್ಕೆ ಮುಂಚಿನ ಸ್ವಿಸ್ ವಾಚುಗಳಲ್ಲಿ ಅದು ನಿಜವಾದ ರೇಡಿಯಂ ಆಗಿರಬಹುದು. ಮುಳ್ಳಿನ ನಡುವೆ, ಅಂಕೆಗಳ ಮೇಲೆ ಸುಟ್ಟ ಬೆಲ್ಲದ ಬಣ್ಣದ ಒಣಗಿದ ಪೇಸ್ಟ್ ಇದೆಯೇ ನೋಡಿ. ಈಗ ಹೊಳೆಯುವುದಿಲ್ಲ, ಹಾಗಾಗಿ ಸತ್ತಿದೆ ಎಂದುಕೊಳ್ಳಬೇಡಿ. ಸತ್ತಿರುವುದು ಬೆಳಕು ಕೊಡುವ ರಾಸಾಯನಿಕ. ರೇಡಿಯಂ ಅರ್ಧಕ್ಕೆ ಇಳಿಯಲು 1,600 ವರ್ಷ ಬೇಕು. ಗಾಜು ಮುಚ್ಚಿದ್ದಾಗ ಆಗೊಮ್ಮೆ ಈಗೊಮ್ಮೆ ಕೈಯಲ್ಲಿ ಹಿಡಿದು ನೋಡುವುದಕ್ಕೆ ಹೆದರಬೇಕಿಲ್ಲ. ಭಯ ಇರುವುದು ಉದುರಿದ ಪುಡಿ ಮೂಗಿಗೋ ಬಾಯಿಗೋ ಹೋಗುವುದರಲ್ಲಿ. ಮನೆಯಲ್ಲಿ ತೆರೆಯಬೇಡಿ, ಕೆರೆಯಬೇಡಿ, ಮಲಗುವ ಕೋಣೆಯಲ್ಲಿ ಇಡಬೇಡಿ, ಬೇರೆ ಡಬ್ಬಿಯಲ್ಲಿಡಿ. ರಿಪೇರಿಗೆ ಕೊಡುವುದಾದರೆ ಆ ಮಾತನ್ನು ಮೊದಲೇ ಹೇಳಿಕೊಡಿ. ಹೇಳದೆ ಕೊಟ್ಟರೆ ಆ ಪುಡಿಯನ್ನು ಊದಿ ಸ್ವಚ್ಛ ಮಾಡುವವನು ಕಸುಬುದಾರ.

ಡಯಲ್ ವಿಷಯದಲ್ಲಿ ನಾನು ಹಟಮಾರಿ. ಹೊಸ ಪ್ರಿಂಟ್ ಹಾಕಿಸಬೇಡಿ. ಆನ್‌ಲೈನಿನಲ್ಲಿ ಕಿತ್ತಳೆ, ಗಿಳಿಹಸಿರು ಬಣ್ಣದ ಪೈಲಟ್‌ಗಳು ಮಾರಾಟಕ್ಕಿರುವುದನ್ನು ನೋಡಿರುತ್ತೀರಿ, ಅವುಗಳಲ್ಲಿ ಹೆಚ್ಚಿನವು ಹೀಗೆ ಬಣ್ಣ ಬಳಿದವೇ. ಅಕ್ಷರ ದಪ್ಪ, ನಿಮಿಷದ ಗೀಟು ಅಂಚಿಗೆ ಸೇರುವುದಿಲ್ಲ. ಒಮ್ಮೆ ಹಳೇ ಬಣ್ಣ ಕೆರೆದರೆ ನಿಮ್ಮಪ್ಪ ದಿನಾ ನೋಡುತ್ತಿದ್ದ ಮುಖ ಮತ್ತೆ ಬರುವುದಿಲ್ಲ. ಕಲೆಯನ್ನು ಒರೆಸಲೂ ಹೋಗಬೇಡಿ. ಕೆಲಸ ಕಲಿಯುವಾಗ ಒಂದು ಸಂಜೆ, ತಂದೆ ಟೀ ಕುಡಿಯಲು ಹೋಗಿದ್ದಾಗ, ಗಿರಾಕಿಯ ಡಯಲ್ ಮೇಲಿನ ಬೂಸ್ಟನ್ನು ಒದ್ದೆ ಹತ್ತಿಯಲ್ಲಿ ಒಂದೇ ಒಂದು ಸಲ ಸವರಿದೆ. ಹತ್ತಿಯ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ ಕಂಪನಿಯ ಹೆಸರು ಬಂದಿತ್ತು, ಡಯಲ್ ಬೋಳು. ತಂದೆ ಬೈಯಲಿಲ್ಲ. ಆ ಗಿರಾಕಿಗೆ ಬೇರೆ ವಾಚು ಕೊಟ್ಟು, ಬೋಳು ಡಯಲನ್ನು ನನ್ನ ಮೇಜಿನ ಗಾಜಿನಡಿ ಇಟ್ಟರು. ಈಗಲೂ ಅಲ್ಲೇ ಇದೆ.

ಮೇಲಿನ ಗಾಜಿಗೆ ಬೇಕಾದರೆ ಕೈ ಹಾಕಿ. ಅದು ಗಾಜಲ್ಲ, ಅಕ್ರಿಲಿಕ್. ಟೂತ್‌ಪೇಸ್ಟ್ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಹತ್ತು ನಿಮಿಷ ಉಜ್ಜಿದರೆ ಸಣ್ಣ ಗೀರು ಹೋಗುತ್ತದೆ. ಅಂಚಿನಿಂದ ನೀರು ಒಳಗಿಳಿಯದ ಹಾಗೆ ಪೇಸ್ಟನ್ನು ಒಣಬಟ್ಟೆಯಲ್ಲೇ ಒರೆಸಿ ತೆಗೆಯಿರಿ. ಹಿಂದೆ ವಾಟರ್ ರೆಸಿಸ್ಟ್ ಎಂದು ಬರೆದಿದ್ದರೂ ನಂಬಬೇಡಿ, ಒಳಗಿನ ರಬ್ಬರು ಚಕ್ಕುಲಿಯಂತೆ ಪುಡಿಯಾಗಿರುತ್ತದೆ. ಜನತಾದಂಥ ವಾಚುಗಳ ಕೇಸು ಹಿತ್ತಾಳೆ, ಮೇಲೆ ಕ್ರೋಮ್. ಬೆವರು ಕ್ರೋಮನ್ನು ತಿಂದು, ಸ್ಟ್ರಾಪು ಸಿಕ್ಕಿಸುವ ಕಿವಿಗಳ ಹಿಂಭಾಗದಲ್ಲಿ ಹಳದಿ ಕಾಣುತ್ತಿದ್ದರೆ ಪಾಲಿಶ್ ಮಾಡಿಸಿದಷ್ಟೂ ಹಳದಿ ಹೆಚ್ಚುತ್ತದೆ. ಕಟ್ಟಿಕೊಂಡ ಸಂಜೆ ಒಣಬಟ್ಟೆಯಲ್ಲಿ ಒರೆಸಿಡಿ.

ಮಲೆನಾಡಿನ ಮಳೆಗಾಲ ನಿಮ್ಮ ವಾಚುಗಳ ಮುಖ್ಯ ಶತ್ರು, ಕಲೆಗಳಿಗೆ ಕಾರಣವೂ ಬಹುಪಾಲು ಅದೇ. ನುಸಿಗುಳಿಗೆ ತೆಗೆದುಬಿಡಿ. ಅದರ ಆವಿ ಕೆಲವು ಪ್ಲಾಸ್ಟಿಕ್, ಬಣ್ಣಗಳಿಗೆ ಒಗ್ಗುವುದಿಲ್ಲ, ತೇವವನ್ನಂತೂ ಅದು ತಡೆಯುವುದೇ ಇಲ್ಲ. ಚರ್ಮದ ಸ್ಟ್ರಾಪುಗಳನ್ನು ಬಿಚ್ಚಿ ಬೇರೆ ಇಡಿ, ಬೂಸ್ಟು ಮೊದಲು ಹತ್ತುವುದು ಅಲ್ಲಿಗೆ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿ, ಒಂದೊಂದನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ತೇವ ಹೀರಿ ಬಣ್ಣ ಬದಲಾಯಿಸುವ ಸಿಲಿಕಾ ಜೆಲ್ ಹಾಕಿಡಿ. ಬಣ್ಣ ತಿರುಗಿದಾಗ ಓವನ್‌ನಲ್ಲಿ 110–120 ಡಿಗ್ರಿಯಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ಆಷಾಢದಲ್ಲಿ ಡಬ್ಬಿ ತೆರೆದು ತೋರಿಸಿ ಎಂದು ನೆಂಟರು ಕೇಳಿದರೆ ದೀಪಾವಳಿಗೆ ಬನ್ನಿ ಎನ್ನಿ.

ಕೊನೆಗೆ, ಮುಚ್ಚಳದೊಳಗಿನ ಗೀಚು. ಅದು ಕಾರ್ಖಾನೆಯದ್ದಲ್ಲ, ನಮ್ಮಂಥವರದ್ದು. ಬಿಚ್ಚಿ ಕೆಲಸ ಮಾಡಿದವನು ಸೂಜಿಮೊನೆಯಲ್ಲಿ ತಾರೀಖೋ ರಸೀದಿ ಸಂಖ್ಯೆಯೋ ತನ್ನ ಗುರುತೋ ಹಾಕುತ್ತಾನೆ, ಅದೇ ವಾಚು ಮತ್ತೆ ಬಂದಾಗ ಗೊತ್ತಾಗಲಿ ಎಂದು. ಪೈಲಟ್‌ನಲ್ಲಿ ಎಷ್ಟು ಗೀಚುಗಳಿವೆ, ಒಂದೇ ಕೈಬರಹವೇ ಬೇರೆ ಬೇರೆಯೇ ನೋಡಿ. ನಿಮ್ಮ ತಂದೆಯವರು ಯಾವ ಯಾವ ಊರಿನ ಶಾಲೆಯಲ್ಲಿದ್ದರು ಎಂಬುದು ನಿಮಗೆ ಗೊತ್ತಿರುತ್ತದಲ್ಲ, ತಾರೀಖುಗಳಿದ್ದರೆ ಹೊಂದಿಸಿ ನೋಡಿ. ಸರ್ವಿಸ್‌ಗೆ ಕೊಡುವಾಗ ಮುಚ್ಚಳದ ಒಳಗೆ ಪಾಲಿಶ್ ಮಾಡಬೇಡಿ, ನಿಮ್ಮ ಗುರುತನ್ನೂ ಅದರ ಕೆಳಗೇ ಹಾಕಿ ಎಂದು ಹೇಳಿ.